ಮಳವಳ್ಳಿಯ ತೆರೆಯದ ನಿಲ್ದಾಣ

ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿಯು ಎರಡು ಸಾವಿರಕ್ಕೂ ಮಿಗಿಲಾದ ರೈಲು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿತು. ಉತ್ತರ ಇಂಗ್ಲೆಂಡಿನ ಸಣ್ಣ ಊರುಗಳವರು ತಮ್ಮೂರಿನ ಮುಚ್ಚಿದ ನಿಲ್ದಾಣದ ಚರಿತ್ರೆಯನ್ನು ಇಂದಿಗೂ ಅಕ್ಕರೆಯಿಂದ ಬರೆದಿಡುತ್ತಾರೆ. ನಾನು ಹೇಳಹೊರಟಿರುವುದು ಅದಕ್ಕಿಂತ ವಿಚಿತ್ರವಾದುದು. ತೆರೆಯದೆಯೇ ಉಳಿದ ನಿಲ್ದಾಣವೊಂದರ ಚರಿತ್ರೆ.

ಬೆಂಗಳೂರು–ಮೈಸೂರು ರೈಲುದಾರಿ ಹುಟ್ಟಿದ್ದು ಹಸಿವಿನಿಂದ. ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876–78ರ ಕ್ಷಾಮದಲ್ಲಿ, ಗಂಜಿಗಾಗಿ ಬಂದ ಕೈಗಳೇ ಅದಕ್ಕೆ ಮಣ್ಣು ಹೊತ್ತವು. ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹಾದು 1882ರಲ್ಲಿ ಉಗಿಬಂಡಿ ಮೈಸೂರನ್ನು ಮುಟ್ಟಿತು. ದಕ್ಷಿಣದಲ್ಲಿದ್ದ ಮಳವಳ್ಳಿ ಅದರ ಕಣ್ಣಿಗೆ ಬೀಳಲಿಲ್ಲ.

ಮಳವಳ್ಳಿಯೇನು ದಾರಿತಪ್ಪಿದ ಊರಲ್ಲ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಯುದ್ಧವಾದದ್ದು ಅಲ್ಲಿಯೇ. ಕನಕಪುರದ ಮೇಲೆ ಹಾದುಬಂದ ಹ್ಯಾರಿಸನ ದಂಡು ಶ್ರೀರಂಗಪಟ್ಟಣಕ್ಕೆ ಹಿಡಿದದ್ದು ಈ ದಾರಿ. ನೂರು ವರ್ಷ ಕಳೆದ ಮೇಲೆ ಶಿವನಸಮುದ್ರದಲ್ಲಿ ವಿದ್ಯುದಾಗಾರ ಕಟ್ಟಿದಾಗ ಸಾಗರದಾಚೆಯಿಂದ ಬಂದ ಭಾರೀ ಯಂತ್ರಗಳು ಮದ್ದೂರಿನಲ್ಲಿ ರೈಲಿನಿಂದಿಳಿದವು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಗಳೇ ಗತಿ. 1902ರಲ್ಲಿ ಅಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಏಷ್ಯಾಖಂಡವೇ ಬೆರಗಾದ ಆ ಬೆಳಕು ಮಳವಳ್ಳಿ ತಾಲ್ಲೂಕಿನಿಂದ ಹೊರಟಿತು, ಆದರೆ ತಾಲ್ಲೂಕಿಗೆ ಕಂಬಿ ಬರಲಿಲ್ಲ.

ಕೊನೆಗೂ 1996–97ರಲ್ಲಿ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರಿನ ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆಯಿತು. ಬೆಂಗಳೂರಿನಿಂದ ತಮಿಳುನಾಡಿನ ಸತ್ಯಮಂಗಲಕ್ಕೆ ಹೋಗಬೇಕಾಗಿದ್ದ ಯೋಜನೆಯ ಭಾಗವದು. ಸತ್ಯಮಂಗಲದ ಕಡೆ ದಟ್ಟ ಕಾಡು ಅಡ್ಡಬಂತು. ಬಯಲಿನ ಈ ಭಾಗಕ್ಕೆ ಯಾವ ಕಾಡೂ ಅಡ್ಡವಿರಲಿಲ್ಲ. ಹಣ, ಭೂಸ್ವಾಧೀನ, ಕಡತಗಳ ಓಡಾಟ, ಇವೇ ಸಾಕಾದವು. ಬಜೆಟ್ಟಿನ ದಿನ ಹೆಸರು ಕೇಳಿಬರುವುದು, ಮರುದಿನ ಮರೆಯಾಗುವುದು.

ಸುಳ್ಳು ಹೇಳುವುದಕ್ಕೆ ನಮ್ಮಲ್ಲಿ ‘ರೈಲು ಬಿಡುವುದು’ ಎನ್ನುತ್ತಾರಷ್ಟೆ. ಮಂಡ್ಯದಲ್ಲಿ ನಾನು ಪಾಠ ಹೇಳುತ್ತಿದ್ದಾಗ ನುಡಿಗಟ್ಟುಗಳ ತರಗತಿಯಲ್ಲಿ ಇದಕ್ಕೊಂದು ಪ್ರಯೋಗ ಕೊಡಿರೆಂದೆ. ಹಲಗೂರು ಕಡೆಯ ಹುಡುಗನೊಬ್ಬ ಎದ್ದುನಿಂತು, “ಸಾರ್, ಮಳವಳ್ಳಿಗೆ ಪ್ರತಿ ಚುನಾವಣೆಯಲ್ಲೂ ರೈಲು ಬಿಡುತ್ತಾರೆ” ಎಂದ. ವ್ಯಾಕರಣ ನಿರ್ದುಷ್ಟವಾಗಿತ್ತು.

ಇತ್ತ ಮದ್ದೂರು, ಮಂಡ್ಯಗಳಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಜೋಡಿ ಹಳಿ ಬಂತು, ವಿದ್ಯುತ್ ತಂತಿಯೂ ಬಂತು. ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ದುಡಿಯಹೋಗುವ ಮದ್ದೂರಿನವನು ರಾತ್ರಿ ಮನೆಯ ಊಟಕ್ಕೆ ಹಿಂದಿರುಗುತ್ತಾನೆ. ಮಳವಳ್ಳಿಯವನು ರೈಲು ಹತ್ತಬೇಕಾದರೆ ಮೊದಲು ಮದ್ದೂರಿನ ಬಸ್ಸು ಹಿಡಿಯಬೇಕು. ಶಿವನಸಮುದ್ರದ ಯಂತ್ರಗಳು ಬಂದಿಳಿದದ್ದೂ ಅದೇ ನಿಲ್ದಾಣದಲ್ಲಿ.