ಸಂಜೆಗಡೆ ದಪ್ಪವಾಗುವ ವಿದ್ಯುತ್ ಉಂಗುರ

ಗೋವಾದ ವಾಸ್ಕೋದಲ್ಲಿ ಮರ್ಮಗೋವಾ ಬಂದರಿನ ನೆತ್ತಿಯ ಮೇಲಿರುವ ಗುಡ್ಡವೇ ಹೆಡ್‌ಲ್ಯಾಂಡ್ ಸಡಾ. ಬಂದರಿನ ಸುತ್ತಮುತ್ತ ದುಡಿಯಲು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರಿಗೆ ಪರಿಚಯದ ಜಾಗ. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಭಾರತದ ಮೊದಲ ಅಂಟಾರ್ಕ್ಟಿಕ ತಂಡ 1981ರ ಡಿಸೆಂಬರ್ 6ರಂದು ಹಡಗು ಹತ್ತಿದ್ದೂ ಗೋವಾದಿಂದಲೇ. ಇಂದು ಅಂಟಾರ್ಕ್ಟಿಕದಲ್ಲಿರುವ ಮೈತ್ರಿ, ಭಾರತಿ ನಿಲ್ದಾಣಗಳನ್ನು ನಡೆಸುವ ಹೊಣೆ ಈ ಕೇಂದ್ರದ್ದು.

ಮೈತ್ರಿಯಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ಕಾಂತಮಾಪಕಗಳು ಕೆಲಸ ಮಾಡುತ್ತವೆ. ಭೂಮಿಯ ಸುತ್ತ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತವನ್ನು ನೆಲದ ಮೇಲೆ ಕೂತು ತಿಳಿಯುವ ದಾರಿ ಇದು.

ಸೂರ್ಯನಿಂದ ಸಿಡಿದ ಕಣಗಳ ಮೋಡ ಭೂಮಿಗೆ ಬಡಿದಾಗ ಭೂಕಾಂತ ಬಿರುಗಾಳಿ ಏಳುತ್ತದೆ. ಆಗ ರಾತ್ರಿಯ ಕಡೆಯಿಂದ ಕಣಗಳು ಒಳನುಗ್ಗುತ್ತವೆ. ಧನ ವಿದ್ಯುದಂಶದ ಅಯಾನುಗಳು ಪಶ್ಚಿಮಕ್ಕೆ, ಎಲೆಕ್ಟ್ರಾನುಗಳು ಪೂರ್ವಕ್ಕೆ ಸರಿಯುತ್ತವೆ. ಹೀಗೆ ಹುಟ್ಟುವ ಉಂಗುರ ಪ್ರವಾಹ ನೆಲದ ಕಾಂತಕ್ಷೇತ್ರವನ್ನು ತುಸು ಕುಗ್ಗಿಸುತ್ತದೆ. ಗೋವಾದಲ್ಲಿ ಆ ಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಭಾರಿ ಬಿರುಗಾಳಿಯೂ ಅದರಲ್ಲಿ ಕಳೆಯುವುದು ಕೆಲವು ನೂರು ಮಾತ್ರ. ಮನುಷ್ಯರಿಗೆ ಏನೂ ಅನ್ನಿಸದು, ವಿದ್ಯುತ್ ಜಾಲಕ್ಕೆ ಹಾಗಲ್ಲ: 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕರೆಂಟಿಲ್ಲದೆ ಕಳೆದರು.

ಉಂಗುರ ಅಂದರೂ ಅದು ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ಬಿರುಗಾಳಿ ಏರುವ ಹೊತ್ತಿನಲ್ಲಿ ನಡುರಾತ್ರಿಯ ಕಡೆಯಿಂದ ಹೊರಟ ಅಯಾನುಗಳು ಪಶ್ಚಿಮಕ್ಕೆ ಸರಿಯುತ್ತಾ ಸಂಜೆಯಾಗಿರುವ ಭಾಗವನ್ನು ಹಾದು, ಹಗಲಿನ ಕಡೆ ಹೊರಗೆ ತಪ್ಪಿಸಿಕೊಳ್ಳುತ್ತವೆ. ಪೂರ್ತಿ ಸುತ್ತು ಹಾಕುವುದಿಲ್ಲ. ಹಾಗಾಗಿ ಪ್ರವಾಹ ಸಂಜೆಯ ಕಡೆ ದಪ್ಪ, ಬೆಳಗಿನ ಕಡೆ ತೆಳು, ಒಂದೇ ಬದಿ ಸವೆದ ಬಳೆಯ ಹಾಗೆ. ಅರ್ಧಕ್ಕೇ ನಿಂತ ವಿದ್ಯುತ್ತು ಕಾಂತರೇಖೆಗಳ ಗುಂಟ ಧ್ರುವ ಪ್ರದೇಶಗಳ ಅಯಾನುಗೋಳಕ್ಕಿಳಿದು ತನ್ನ ಸುತ್ತು ಮುಗಿಸುತ್ತದೆ. ಮೈತ್ರಿಯ ಮಹತ್ವ ಇಲ್ಲಿದೆ. ಧ್ರುವಪ್ರಭೆಯ ವಲಯದ ಅಂಚಿನಲ್ಲಿರುವ ಈ ನಿಲ್ದಾಣ, ಬಿರುಗಾಳಿ ಎದ್ದಾಗ ಆ ವಲಯ ಹಿಗ್ಗಿ ಅದರ ಅಡಿಗೇ ಬರುತ್ತದೆ. ಬಿರುಗಾಳಿ ಇಳಿಯುತ್ತಾ ಬಂದಂತೆ ಉಂಗುರ ಕ್ರಮೇಣ ಸಮವಾಗುತ್ತದೆ.

2024ರ ಮೇ 11ರಂದು ಬಿರುಗಾಳಿಯಿಂದ ಕಾಂತಕ್ಷೇತ್ರ 400 ನ್ಯಾನೊಟೆಸ್ಲಾಗಿಂತ ಹೆಚ್ಚು ಕುಸಿದಾಗ ಭಾರತದಲ್ಲಿ ಬೆಳಗ್ಗೆ ಸುಮಾರು ಎಂಟು ಗಂಟೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಿಂದಿನ ದಿನದ ಸಂಜೆ. ಈ 400 ಎಂಬುದು ಜಪಾನ್, ಹವಾಯಿ, ಪೋರ್ಟೊರಿಕೊ, ದಕ್ಷಿಣ ಆಫ್ರಿಕಾದ ನಾಲ್ಕು ವೀಕ್ಷಣಾಲಯಗಳ ಸರಾಸರಿ. ಸರಾಸರಿ ತೆಗೆದರೆ ಏರುಪೇರು ಮರೆಯಾಗುತ್ತದಲ್ಲ! ಅದಕ್ಕೇ ಜಪಾನಿನ ಕ್ಯೋಟೊ ಕೇಂದ್ರ ಅಸಮತೆಗೆಂದೇ ಬೇರೆ ಸೂಚ್ಯಂಕವನ್ನು ನಿಮಿಷಕ್ಕೊಂದರಂತೆ ಲೆಕ್ಕ ಹಾಕುತ್ತದೆ.

ಗೋವಾ ಇರುವ ಕೊಂಕಣ ತೀರದಲ್ಲೇ ಉತ್ತರಕ್ಕೆ, ಈ ಅಸಮತೆಗೆ ಸಂಬಂಧಿಸಿದ ಹಳೆಯ ತಕರಾರೊಂದು ಇನ್ನೂ ಬಗೆಹರಿದಿಲ್ಲ. 1859ರ ಸೆಪ್ಟೆಂಬರ್ 2ರಂದು, ಮಾಪನವನ್ನು ಕಣ್ಣಾರೆ ನೋಡಿ ಕೈಯಲ್ಲಿ ಬರೆದಿಡುತ್ತಿದ್ದ ಕಾಲದಲ್ಲಿ, ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ ದಾಖಲಾಯಿತು. ಇದು ಇಡೀ ಉಂಗುರದ ಬಲವೇ ಎಂದು ಕೆಲವು ವಿಜ್ಞಾನಿಗಳು ಹೇಳಿದರೆ, ಅಲ್ಲಿ ಆಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಸ್ಥಳೀಯ ಪ್ರವಾಹಗಳೂ ಸೇರಿರಬೇಕು ಎಂಬುದು ಇತರರ ವಾದ. ಕೆಳ ಅಕ್ಷಾಂಶದಲ್ಲಿ ಅಂದು ಅಷ್ಟು ಚೆನ್ನಾದ ದಾಖಲೆ ಬೇರೆ ಇಲ್ಲ; ಎರಡನೆಯ ಸಾಕ್ಷಿ ಇಲ್ಲದೆ ತೀರ್ಮಾನ ಕಷ್ಟ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದೆಂದಾಗ ಅಳತೆ ಕೆಡಬಾರದೆಂದು 1904ರಲ್ಲಿ ಈ ಕೆಲಸವನ್ನು ಅಲಿಬಾಗ್‌ಗೆ ಸಾಗಿಸಿದರು. ಅಲ್ಲಿ ಅದು ಇಂದಿಗೂ ನಡೆದಿದೆ.

ಮುಂದೆ ಪತ್ರಿಕೆಯಲ್ಲಿ ಇಂಥ ಬಿರುಗಾಳಿಯ ಸುದ್ದಿ ಕಂಡಾಗ ಅದರ ಸಂಖ್ಯೆಯನ್ನಷ್ಟೇ ನೋಡಬೇಡಿ, ಆಗ ಭೂಮಿಯ ಯಾವ ಭಾಗದಲ್ಲಿ ಸಂಜೆಯಾಗಿತ್ತು ಎಂಬುದನ್ನೂ ಗಮನಿಸಿ.