ಮುಪ್ಪಿನ ಕಣ್ಣು ಮತ್ತು ಮೈಯ ಕಾವಲು ಪಡೆ

ವಯೋಸಹಜ ಮ್ಯಾಕುಲಾ ಸವೆತ ನೋಟವನ್ನು ಅಂಚಿನಿಂದಲ್ಲ, ನಟ್ಟನಡುವಿನಿಂದ ಅಳಿಸುತ್ತ ಬರುವ ಕಾಯಿಲೆ. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರುಗಳಲ್ಲಿ ವಯಸ್ಸಾದವರ ಕಣ್ಣು ಮಂಜಾದರೆ ಅದು ಪೊರೆಯ ಲೆಕ್ಕಕ್ಕೇ ಸೇರುವುದುಂಟು. ಆದರೆ ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಅದನ್ನು ತೆಗೆದು ಹೊಸದನ್ನು ಕೂರಿಸಬಹುದು. ಮ್ಯಾಕುಲಾ ಇರುವುದು ಹಿಂಬದಿಯ ಅಕ್ಷಿಪಟದ ನಡುವೆ. ಪತ್ರಿಕೆಯ ಅಕ್ಷರ, ಎದುರಿಗಿರುವವರ ಮುಖ, ಅಡಿಕೆ ಸುಲಿಯುವ ಕತ್ತಿಯ ಅಲಗು ಸ್ಪಷ್ಟವಾಗಿ ಕಾಣುವುದು ಅದರಿಂದ. ಅದಕ್ಕೆ ಬದಲಿ ಇಲ್ಲ.

ಬಹುಕಾಲ ಇದನ್ನು ಬರೀ ಮುಪ್ಪಿನ ಸವಕಳಿ ಎಂದೇ ತಿಳಿಯಲಾಗಿತ್ತು. ಸವಕಳಿ ಇರುವುದು ನಿಜ. ಬೆಳಕನ್ನು ಗ್ರಹಿಸುವ ಕೋಶಗಳು ದಿನವೂ ತಮ್ಮ ತುದಿಯನ್ನು ಉದುರಿಸುತ್ತವೆ. ಕೆಳಗಿರುವ ವರ್ಣಕೋಶಗಳ ಪದರ ಅದನ್ನು ನುಂಗಿ ಅರಗಿಸುತ್ತದೆ. ವಯಸ್ಸಾದಂತೆ ಈ ಕೆಲಸ ಹಿಂದೆ ಬೀಳುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕಸ ಕಟ್ಟಿದಂತೆ, ಪದರದ ಅಡಿಯಲ್ಲಿ ಕೊಬ್ಬು ಮತ್ತು ಪ್ರೋಟೀನುಗಳ ಹಳದಿ ಗಡ್ಡೆಗಳು ನಿಲ್ಲುತ್ತವೆ. ಇವೇ ಡ್ರೂಸೆನ್. ಇವುಗಳನ್ನು ಬಿಡಿಸಿ ನೋಡಿದಾಗ ಸಿಕ್ಕ ವಸ್ತುಗಳಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಪ್ರೋಟೀನುಗಳೂ ಇದ್ದವು.

ಆ ಪ್ರೋಟೀನುಗಳ ಕೂಟಕ್ಕೆ ಕಾಂಪ್ಲಿಮೆಂಟ್ ಎಂದು ಹೆಸರು. ರಕ್ತದಲ್ಲಿ ಹರಿಯುವ ಇವು ರೋಗಾಣುವಿಗೆ ಅಂಟಿ ಅದನ್ನು ತೂತು ಮಾಡುತ್ತವೆ, ಕೊಲ್ಲುವ ಕೋಶಗಳನ್ನು ಕರೆಯುತ್ತವೆ. ಸ್ವಂತ ಮೈಯ ಮೇಲೆ ಅವು ತಿರುಗಿ ಬೀಳದಂತೆ ಕಡಿವಾಣ ಹಾಕುವುದು ಫ್ಯಾಕ್ಟರ್ ಎಚ್ ಎಂಬ ಇನ್ನೊಂದು ಪ್ರೋಟೀನು. ಅದರ 402ನೇ ಸ್ಥಾನದಲ್ಲಿ ಟೈರೊಸಿನ್ ಎಂಬ ಅಮೈನೊ ಆಮ್ಲದ ಬದಲು ಹಿಸ್ಟಿಡಿನ್ ಇದ್ದವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು ಎಂದು 2005ರಲ್ಲಿ ಅಮೆರಿಕದ ಹಲವು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಸಂಶೋಧಕರಿಗೆ ಭಾರತೀಯ ರೋಗಿಗಳಲ್ಲೂ ಇದೇ ನಂಟು ಕಂಡಿತು. ಒಂದು ಅಕ್ಷರದಷ್ಟು ಸಣ್ಣ ವ್ಯತ್ಯಾಸ ವಂಶದಲ್ಲಿ ಬಂದು, ಐದಾರು ದಶಕ ಸುಮ್ಮನಿದ್ದು, ಮುಪ್ಪಿನಲ್ಲಿ ತಲೆಯೆತ್ತುತ್ತದೆ. ಹಾಗೆಂದು ಅದು ಇದ್ದವರಿಗೆಲ್ಲ ಕಾಯಿಲೆ ಬಂದೇ ತೀರುತ್ತದೆ ಎಂದಲ್ಲ. ಹೊಗೆ ಸೇದುವುದು ಅಪಾಯವನ್ನು ಹೆಚ್ಚಿಸುತ್ತದೆ. ಬದಲಾಯಿಸಲು ಸಾಧ್ಯವಿರುವ ಕಾರಣಗಳಲ್ಲಿ ಅದೇ ದೊಡ್ಡದು.

ಕಡಿವಾಣ ಸಡಿಲಾದಾಗ ಡ್ರೂಸೆನ್ ಸುತ್ತ ಸಣ್ಣಗೆ ಉರಿಯೂತ ಹತ್ತಿಕೊಳ್ಳುತ್ತದೆ. ಅಕ್ಷಿಪಟದ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ತಮ್ಮ ಜಾಗ ಬಿಟ್ಟು ಅತ್ತ ಸರಿಯುತ್ತವೆ. ಕಸ ಬಳಿಯಲು ಹೋದವು ಅಲ್ಲೇ ಉಳಿದು ಹಾನಿಯನ್ನೂ ಮಾಡಬಲ್ಲವು. ನೋವಿಲ್ಲ, ಕೆಂಪಿಲ್ಲ, ಅದಕ್ಕೇ ತಡವಾಗಿ ತಿಳಿಯುತ್ತದೆ.

ಮುಂದಿನ ದಾರಿ ಎರಡು. ಒಣ ಬಗೆಯಲ್ಲಿ ಕೋಶಗಳು ನಿಧಾನವಾಗಿ ಸಾಯುತ್ತವೆ. ಒದ್ದೆ ಬಗೆಯಲ್ಲಿ ವಿಇಜಿಎಫ್ ಎಂಬ ಪ್ರೋಟೀನು ಹೆಚ್ಚಿ, ಸೋರುವ ಹೊಸ ರಕ್ತನಾಳಗಳು ಹುಟ್ಟುತ್ತವೆ; ಕಿಟಕಿಯ ಸರಳು ಡೊಂಕಾಗಿ ಕಾಣುತ್ತದೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಇದು ಮನೆಯಲ್ಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ತಿಂಗಳುಗಟ್ಟಲೆ ಕಾಯುವಂತಿಲ್ಲ. ವಿಇಜಿಎಫ್ ತಡೆಯುವ ಚುಚ್ಚುಮದ್ದನ್ನು ಕಣ್ಣಿನೊಳಗೇ ಕೊಡುತ್ತಾರೆ. ಕರುಳಿನ ಕ್ಯಾನ್ಸರಿಗೆಂದು ಬಂದ ಅಗ್ಗದ ಬೆವಾಸಿಜುಮಾಬ್, ದುಬಾರಿ ರಾನಿಬಿಜುಮಾಬ್‌ಗೆ ಹೆಚ್ಚುಕಡಿಮೆ ಸಮನೆಂದು 2011ರಲ್ಲಿ ಸಾಬೀತಾಯಿತು. ಆದರೆ ಚುಚ್ಚುಮದ್ದು ಒಂದಕ್ಕೇ ಮುಗಿಯುವುದಿಲ್ಲ. ಪ್ರತಿ ಸಲವೂ ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಬೇಕಾದ ಮಲೆನಾಡಿನ ರೋಗಿಗೆ ಔಷಧದಷ್ಟೇ ಪ್ರಯಾಣವೂ ಭಾರ.

ಒಣ ಬಗೆಗೆ ನೇರವಾಗಿ ಕಾಂಪ್ಲಿಮೆಂಟನ್ನೇ ತಡೆಯುವ ಎರಡು ಔಷಧಗಳಿಗೆ 2023ರಲ್ಲಿ ಅಮೆರಿಕ ಅನುಮತಿ ನೀಡಿತು: ಪೆಗ್‌ಸೆಟಕೊಪ್ಲಾನ್ ಮತ್ತು ಅವಾಸಿಂಕ್ಯಾಪ್ಟಾಡ್ ಪೆಗಾಲ್. ಇವು ಸವೆತವನ್ನು ನಿಧಾನಗೊಳಿಸುತ್ತವೆ. ಹೋದ ದೃಷ್ಟಿಯನ್ನು ಮರಳಿಸುವುದಿಲ್ಲ, ಕೆಲವರಲ್ಲಿ ಒದ್ದೆ ಬಗೆಯನ್ನೂ ತರುತ್ತವೆ. ರೋಗಿಯ ದಿನನಿತ್ಯದ ನೋಟಕ್ಕೆ ಆಗುವ ಲಾಭ ಸ್ಪಷ್ಟವಿಲ್ಲವೆಂದು ಯುರೋಪಿನ ಔಷಧ ನಿಯಂತ್ರಕರು ಮೊದಲನೆಯದನ್ನು 2024ರಲ್ಲಿ ಒಪ್ಪಲಿಲ್ಲ.