ಒಂದೇ ಕೂಗು, ಊರಿಗೆಲ್ಲ ಕೇಳಬೇಕು

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಷ್ಟೋ ಮೊಬೈಲುಗಳು ಒಟ್ಟಿಗೆ ಬಡಕೊಂಡಿದ್ದು ನಿಮಗೂ ನೆನಪಿರಬಹುದು. ಸೈರನ್ನಿನಂಥ ಸದ್ದು, ಜೊತೆಗೆ ಅದುರುವಿಕೆ, ಪರದೆ ಮೇಲೊಂದು ಸಂದೇಶ. ಇದು ದೂರಸಂಪರ್ಕ ಇಲಾಖೆಯ ಪರೀಕ್ಷೆ, ನೀವೇನೂ ಮಾಡಬೇಕಾಗಿಲ್ಲ ಅಂತ ಅದರ ಸಾರಾಂಶ. ಅವತ್ತು ಸಂಜೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ, “ಇದನ್ನ ಆಫ್ ಮಾಡೋದು ಹೇಗೆ?” ಅರ್ಧ ಗಂಟೆಯೊಳಗೆ ಮೂರು ಜನ ದಾರಿ ತೋರಿಸಿಯೂ ಬಿಟ್ಟರು.

ನನಗೆ ಮಾತ್ರ ಸಮಾಧಾನ ಆಗಲಿಲ್ಲ. ನನ್ನ ತವರುಮನೆ ಇರೋದು ತೀರ್ಥಹಳ್ಳಿ ಕಡೆ, ಹಿತ್ತಲಿಗೇ ಗುಡ್ಡ. ಅಮ್ಮ ಒಬ್ಬರೇ ಇರುತ್ತಾರೆ. 2018ರಲ್ಲಿ ಕೊಡಗು, 2024ರಲ್ಲಿ ಶಿರೂರು ಕಂಡ ಮೇಲೆ, ಆಷಾಢದ ರಾತ್ರಿ ಜೋರು ಮಳೆ ಅಂದರೆ ಬೆಂಗಳೂರಿನಲ್ಲಿರುವ ನನಗೂ ನಿದ್ದೆ ಬರುವುದಿಲ್ಲ. ಆ ಸದ್ದನ್ನು ಆಫ್ ಮಾಡುವ ಮೊದಲು ಅದೇನು ಅಂತ ತಿಳಿಯೋಣ ಅಂತ ಕೂತೆ.

ಕರೆಯೋಲೆಯೋ, ಡಂಗುರವೋ?

ನಾವು ದಿನಾ ಕಳಿಸುವ ಎಸ್ಸೆಮ್ಮೆಸ್ ಮದುವೆ ಕರೆಯೋಲೆ ಹಂಚಿದ ಹಾಗೆ. ಒಂದೊಂದು ನಂಬರನ್ನೂ ಹುಡುಕಬೇಕು, ಅದನ್ನು ಎಚ್ಚರಿಸಬೇಕು, ಸಂದೇಶ ಕೊಡಬೇಕು, ತಲುಪಿತು ಅಂತ ಉತ್ತರ ಪಡೆಯಬೇಕು. ಹತ್ತು ಸಾವಿರ ಜನರಿಗೆ ಹೇಳಬೇಕಾದರೆ ಈ ಕೆಲಸ ಹತ್ತು ಸಾವಿರ ಸಲ. ಹೊಸ ವರ್ಷದ ರಾತ್ರಿ ಹನ್ನೆರಡಕ್ಕೆ ಕಳಿಸಿದ ಶುಭಾಶಯ ಒಂದು ಗಂಟೆಗೆ ತಲುಪುತ್ತಿದ್ದುದು ಇದೇ ಕಾರಣಕ್ಕೆ. ಊರಿಗೆ ಆಪತ್ತು ಬಂದಾಗಲೂ ಅಷ್ಟೇ, ಎಲ್ಲರೂ ಒಟ್ಟಿಗೆ ಫೋನ್ ಹಚ್ಚುತ್ತಾರೆ, ದಾರಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್ಸೆಮ್ಮೆಸ್ಸಿಗೆ ಕನ್ನಡದಲ್ಲಿ 70 ಮಾತ್ರ. ಅದರಲ್ಲಿ ಒತ್ತು, ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ!

ಅವತ್ತು ಬಂದಿದ್ದು ಬೇರೆ ಜಾತಿಯದು. ಹೆಸರು ಸೆಲ್ ಬ್ರಾಡ್‌ಕಾಸ್ಟ್. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರಲ್ಲ, ಥೇಟ್ ಹಾಗೆ. ಪ್ರತಿ ಟವರಿಗೂ ಒಂದು ಸಾರ್ವಜನಿಕ ದಾರಿ ಇದೆ. ಜೇಬಿನಲ್ಲಿ ಸುಮ್ಮನೆ ಬಿದ್ದಿರುವ ಫೋನೂ ಅದಕ್ಕೆ ಕಿವಿ ಕೊಟ್ಟಿರುತ್ತದೆ. ಟವರು ಒಂದು ಸಲ ಹೇಳಿದರೆ ಸಾಕು. ಕೇಳುವವರು ಹತ್ತೇ ಇರಲಿ, ಹತ್ತು ಸಾವಿರವೇ ಇರಲಿ, ಅದಕ್ಕೆ ಬೀಳುವ ಭಾರ ಒಂದೇ. ಯಾರ ನಂಬರೂ ಬೇಡ, ಡೇಟಾ ಪ್ಯಾಕೂ ಬೇಡ. ಆಗುಂಬೆಗೆ ಸೂರ್ಯಾಸ್ತ ನೋಡಲು ಬಂದ ಹೊರಊರಿನವರ ಫೋನಿಗೂ ಬರುತ್ತದೆ. ಬೇಕಾದ ಟವರುಗಳಿಗೆ ಮಾತ್ರ ಕೊಟ್ಟರೆ ಆ ಸೀಮೆಗಷ್ಟೇ ಸುದ್ದಿ.

ಇದೇನೂ ತೀರಾ ಹೊಸದಲ್ಲ. ಹಳೇ ನೋಕಿಯಾದಲ್ಲಿ 50ನೇ ಚಾನೆಲ್ ಆನ್ ಮಾಡಿದರೆ ಪರದೆ ಮೇಲೆ ಊರಿನ ಹೆಸರು ಬರುತ್ತಿತ್ತು ನೆನಪಿದೆಯಾ? ಶಿವಮೊಗ್ಗದ ರೈಲಲ್ಲಿ ಕೂತು ತಿಪಟೂರು, ಅರಸೀಕೆರೆ, ಕಡೂರು ಅಂತ ಹೆಸರು ಬದಲಾಗೋದನ್ನೇ ನೋಡ್ತಾ ಇದ್ದೆವು. ಅದೂ ಇದೇ ದಾರಿಯಲ್ಲಿ ಬರುತ್ತಿದ್ದ ಸುದ್ದಿ.

ಕೂಗಿದವನಿಗೆ ಕೇಳಿದವರು ಗೊತ್ತಿಲ್ಲ

ಜಪಾನಿನಲ್ಲಿ 2007ರಿಂದಲೇ ಭೂಕಂಪದ ಎಚ್ಚರಿಕೆ ಮೊಬೈಲಿಗೆ ಹೀಗೆ ಬರುತ್ತಿದೆ. ಜರ್ಮನಿಯಲ್ಲಿ 2021ರ ಜುಲೈ ಪ್ರವಾಹಕ್ಕೆ 180ಕ್ಕೂ ಹೆಚ್ಚು ಜನ ಸತ್ತಾಗ ಈ ವ್ಯವಸ್ಥೆ ಇರಲಿಲ್ಲ. ಆಮೇಲೆ ತಂದರು, 2022ರ ಡಿಸೆಂಬರ್ 8ರಂದು ದೇಶವಿಡೀ ಪರೀಕ್ಷೆ ಮಾಡಿದರು.

ಆದರೆ ಡಂಗುರದವನಿಗೆ ಯಾರು ಕೇಳಿಸಿಕೊಂಡರು ಅಂತ ಹೇಗೆ ಗೊತ್ತಾಗಬೇಕು? ಟವರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅದು ಆಗಾಗ ಅದನ್ನೇ ಮತ್ತೆ ಹೇಳುತ್ತಿರುತ್ತದೆ. ಒಮ್ಮೆ ಕೇಳಿಸಿಕೊಂಡ ಫೋನು ಸಂದೇಶದ ಸಂಖ್ಯೆ ನೋಡಿ ಸುಮ್ಮನಾಗುತ್ತದೆ, ಆಗಷ್ಟೇ ಆ ಜಾಗಕ್ಕೆ ಬಂದ ಫೋನು ಕೂಗುತ್ತದೆ. ಸಾರುವುದು ನಿಂತ ಮೇಲೆ ಫೋನ್ ಆನ್ ಮಾಡಿದರೆ ಏನೂ ಸಿಗದು. ಎಸ್ಸೆಮ್ಮೆಸ್ ಹಾಗೆ ಕಾದಿಟ್ಟು ಕೊಡುವ ಪದ್ಧತಿ ಇಲ್ಲಿಲ್ಲ. ಕರೆಂಟು ಹೋಗಿ ಟವರೇ ಮಲಗಿದರಂತೂ ಕೂಗುವವರೇ ಇಲ್ಲ.

ಸುಳ್ಳು ಕೂಗಿನ ಅಪಾಯ ಬೇರೆ. 2018ರ ಜನವರಿ 13ರಂದು ಹವಾಯಿಯ ಜನರಿಗೆಲ್ಲ ಕ್ಷಿಪಣಿ ಬರುತ್ತಿದೆ ಅಂತ ಸಂದೇಶ ಹೋಯಿತು. ಸುಳ್ಳು ಅಂತ ಇನ್ನೊಂದು ಸಂದೇಶ ಬರುವಷ್ಟರಲ್ಲಿ 38 ನಿಮಿಷ ಕಳೆದಿತ್ತು. ‘ತೋಳ ಬಂತು ತೋಳ’ದ ಕತೆ ಆಗಬಾರದಲ್ಲ, ಅದಕ್ಕೇ ಯಾವಾಗ ಕೂಗಬೇಕು ಅನ್ನೋದೂ ಎಷ್ಟು ಜೋರಾಗಿ ಕೂಗಬೇಕು ಅನ್ನೋದರಷ್ಟೇ ಮುಖ್ಯ.

ಮನೆಯಲ್ಲಿ ಮಾಡಬೇಕಾದ್ದು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ ಅಲರ್ಟ್ಸ್’ ಅಂತ ಹುಡುಕಿ. ಐಫೋನಿನಲ್ಲಿ ನೋಟಿಫಿಕೇಷನ್ಸ್‌ನ ಕೊನೆಗೆ ಸಿಗುತ್ತದೆ. ಆಫ್ ಆಗಿದ್ದರೆ ಆನ್ ಮಾಡಿ. ಮಲಗುವಾಗ ಫೋನ್ ಸ್ವಿಚ್ ಆಫ್ ಮಾಡುವ, ಏರೋಪ್ಲೇನ್ ಮೋಡ್‌ಗೆ ಹಾಕುವ ಅಭ್ಯಾಸ ಮಳೆಗಾಲದ ಮಟ್ಟಿಗಾದರೂ ಬೇಡ. ಸಂದೇಶದಲ್ಲಿ ದುಡ್ಡು, ಓಟಿಪಿ ಕೇಳಿದರೆ ಅದು ಎಚ್ಚರಿಕೆಯಲ್ಲ, ಮೋಸ.

ಇಷ್ಟೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಕನ್ನಡಕ ಹುಡುಕೋ ಹೊತ್ತಿಗೆ ಧರೆ ಕುಸಿದಿರುತ್ತೆ ಮಾರಾಯ್ತಿ” ಅಂದರು. ಮಾತು ನಿಜವೇ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಸಂದೇಶವನ್ನು ಓದಿ ಹೇಳುವ ಆಯ್ಕೆ ಇದೆ, ಅದು ಕೈಕೊಟ್ಟರೆ? ಕೊನೆಗೆ ಅಮ್ಮ, ಪಕ್ಕದ ಮನೆಯವರು ಸೇರಿ ಒಂದು ಕರಾರು ಮಾಡಿಕೊಂಡಿದ್ದಾರೆ. ರಾತ್ರಿ ಯಾರ ಫೋನ್ ಹಾಗೆ ಕೂಗಿದರೂ ಅವರು ಇನ್ನೊಂದು ಮನೆ ಬಾಗಿಲು ಬಡಿಯಬೇಕು. ಟಾರ್ಚು, ಮಾತ್ರೆ ಡಬ್ಬಿ ಹೊಸ್ತಿಲ ಹತ್ತಿರವೇ ಇರಬೇಕು. ಹೋಗಬೇಕಾದ್ದು ರಸ್ತೆಯಾಚೆಯ ಶಾಲೆಗೆ.

ನಿಮ್ಮ ಮನೆಯ ಹಿರಿಯರೂ ಹೊಳೆ ದಂಡೆಯಲ್ಲೋ ಗುಡ್ಡದ ಬುಡದಲ್ಲೋ ಇದ್ದರೆ, ಈ ಭಾನುವಾರ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ. ಅವರ ಫೋನಿನಲ್ಲಿ ಆ ಸದ್ದನ್ನು ಯಾರಾದರೂ ಆಫ್ ಮಾಡಿಕೊಟ್ಟಿರಲೂಬಹುದು.